ಗೋಸುಂಬೆಗೆ ಹನಿನೀರು: ಕೊಡಗಿನ ಮಳೆಗಾಲಕ್ಕೂ ಒಗ್ಗುವ ಜೋಡಣೆ

ಬಟ್ಟಲಿನಲ್ಲಿ ನಿಂತ ನೀರನ್ನು ಗೋಸುಂಬೆ ನೀರೆಂದು ಗುರುತಿಸುವುದೇ ಅಪರೂಪ. ಎಲೆಯ ಮೇಲೆ ಮಿನುಗಿ ಜಾರುವ ಹನಿ ಕಂಡರೆ ನೆಕ್ಕಲು ಬರುತ್ತದೆ. ಬಯಲುಸೀಮೆಯಲ್ಲಿ ಸಾಕುವವರು ಮಿಸ್ಟರ್ ಎಂಬ ತುಂತುರು ಯಂತ್ರ ಹಚ್ಚಿ ಗೂಡಿಗೆಲ್ಲ ತುಂತುರು ಹೊಡೆಯುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಎಲ್ಲ ಒಣಗುತ್ತದೆ. ಮಡಿಕೇರಿ, ಭಾಗಮಂಡಲದ ಕಡೆ ಆ ಲೆಕ್ಕ ನಡೆಯುವುದಿಲ್ಲ. ಜೋರು ಮಳೆಗಾಲದಲ್ಲಿ ಹಗಲಲ್ಲೂ ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಶೇ. 90ರ ಆಸುಪಾಸಿನಲ್ಲೇ ಕೂತಿರುತ್ತದೆ. ಹಗ್ಗದ ಮೇಲಿನ ಬಟ್ಟೆಯೇ ಒಣಗದ ಮನೆಯಲ್ಲಿ ಗೂಡು ಒಣಗುವುದೆಲ್ಲಿಂದ? ಗಾಳಿಯಾಡದೆ ಸದಾ ಒದ್ದೆಯಿರುವ ಗೂಡಿನಲ್ಲಿ ಶ್ವಾಸಕೋಶದ ಸೋಂಕು, ಬಾಯಿಹುಣ್ಣು ತಪ್ಪಿದ್ದಲ್ಲ. ಹಾಗೆಂದು ನೀರು ನಿಲ್ಲಿಸುವಂತೆಯೂ ಇಲ್ಲ, ಗಾಳಿ ಎಷ್ಟೇ ಒದ್ದೆಯಾಗಿದ್ದರೂ ಪ್ರಾಣಿ ಕುಡಿಯಲೇಬೇಕು. ಕುಡಿಸುವುದು ಬೇರೆ, ತೋಯಿಸುವುದು ಬೇರೆ. ಗೂಡನ್ನು ತೋಯಿಸದೆ ಪ್ರಾಣಿಗೆ ಕುಡಿಸುವುದಕ್ಕೆ ಹನಿಯಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಕೊಡಗಿನಲ್ಲಿ ನಾನು ಮಿಸ್ಟರನ್ನು ಬೇಸಿಗೆಯ ಉಪಕರಣ ಎಂದೇ ಎಣಿಸುತ್ತೇನೆ.

ಮೊದಲೇ ಹೇಳಬೇಕಾದ ಮಾತೊಂದಿದೆ. ನಮ್ಮ ದೇಶದ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದನ್ನು ಹಿಡಿದು ಸಾಕುವುದು ಅಪರಾಧ. ಇಲ್ಲಿ ಬರೆದಿರುವುದು ವೇಲ್ಡ್, ಪ್ಯಾಂಥರ್‌ನಂಥ ಹೊರದೇಶದ ಜಾತಿಗಳ ವಿಷಯ. ಇವು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲಿ ಇರುವುದರಿಂದ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಅದರ ನಿಯಮಗಳು 2024ರಲ್ಲಿ ಬಂದಿವೆ.

ಇಲ್ಲಿನವರಿಗೆ ಹನಿ ನೀರಾವರಿ ಎಂದೊಡನೆ ತೋಟದ ಡ್ರಿಪ್ಪರ್ ನೆನಪಾಗುತ್ತದೆ. ಅದು ಇಲ್ಲಿಗೆ ಹೊಂದುವುದಿಲ್ಲ. ಗಂಟೆಗೆ 4 ಲೀಟರ್ ಎಂದು ಬರೆದಿರುವ ಡ್ರಿಪ್ಪರ್ ಆ ಲೆಕ್ಕ ಕೊಡುವುದು ಸುಮಾರು 10 ಮೀಟರ್ ನೀರಿನ ಒತ್ತಡದಲ್ಲಿ. ಗೂಡಿನ ಮೇಲೆ ಅರ್ಧ ಮೀಟರ್ ಎತ್ತರದ ಬಾಟಲಿಗೆ ಸಿಕ್ಕಿಸಿದರೆ ಗಂಟೆಗೆ ಸುಮಾರು ಒಂದು ಲೀಟರ್ ಬರುತ್ತದೆ. ನಮಗೆ ಅದೂ ಹತ್ತು ಪಾಲು ಹೆಚ್ಚು, ಹನಿಯ ಬದಲು ಸಣ್ಣ ಧಾರೆಯೇ ಇಳಿಯುತ್ತದೆ. ಒತ್ತಡ ಸರಿದೂಗಿಸುವ ಬಗೆಯ ಡ್ರಿಪ್ಪರ್‌ಗಳಂತೂ ಇಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ಕೆಲಸ ಮಾಡುವುದೇ ಇಲ್ಲ. ತೋಟದ ಅಂಗಡಿಯಿಂದ ತರಬೇಕಾದದ್ದು ಎರಡೇ: ಕಪ್ಪು ಬಣ್ಣದ 4 ಮಿ.ಮೀ. ಮೈಕ್ರೋ ಟ್ಯೂಬ್, ಅದಕ್ಕೆ ಹೊಂದುವ ರಬ್ಬರ್ ಗ್ರಾಮೆಟ್, ಅಂದರೆ ತೂತಿನಲ್ಲಿ ಕೂರಿಸುವ ಬಳೆ.

ಹನಿಯ ಲೆಕ್ಕಕ್ಕೆ ಔಷಧಿ ಅಂಗಡಿಯ ಡ್ರಿಪ್ ಸೆಟ್ಟೇ ಸರಿ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವಾಗ ಬಳಸುತ್ತಾರಲ್ಲ ಅದೇ. ಹೊಸದನ್ನೇ ಕೊಳ್ಳಿ, ಬಳಸಿದ್ದು ಬೇಡವೇ ಬೇಡ. ಪೊಟ್ಟಣದ ಮೇಲೆ 1 ಮಿ.ಲೀ.ಗೆ 20 ಹನಿ ಎಂದು ಮುದ್ರಿಸಿರುತ್ತದೆ. ಮಕ್ಕಳಿಗೆ ಬಳಸುವ 60 ಹನಿಯ ಸೆಟ್ಟೂ ಸಿಗುತ್ತದೆ, ಆದರೆ ಅದರ ಹನಿ ತೀರ ಸಣ್ಣದು, ಎಲೆಯ ಮೇಲೆ ಎದ್ದು ಕಾಣುವುದಿಲ್ಲ. ಕೊಳ್ಳುವಾಗ ಒಂದನ್ನು ಮಾತ್ರ ಬಿಡದೆ ನೋಡಬೇಕು: ಬಾಟಲಿಗೆ ಚುಚ್ಚುವ ಮುಳ್ಳಿನ ಪಕ್ಕದಲ್ಲಿ ಪುಟ್ಟ ಮುಚ್ಚಳವಿರುವ ಗಾಳಿಕಿಂಡಿ ಇದೆಯೇ ಎಂದು. ಈ ಜೋಡಣೆಯ ನಂಬಿಕೆಯೆಲ್ಲ ಆ ಕಿಂಡಿಯ ಮೇಲೆ ನಿಂತಿದೆ.

ಯಾಕೆಂದರೆ, ಬಾಟಲಿಯ ತಳ ಕತ್ತರಿಸಿ ತಲೆಕೆಳಗೆ ತೂಗಿಹಾಕುವ ಸುಲಭದ ವಿಧಾನದಲ್ಲಿ ನೀರು ಇಳಿದಂತೆ ಒತ್ತಡವೂ ಇಳಿಯುತ್ತದೆ. ಬಾಟಲಿಯಲ್ಲಿ 20 ಸೆಂ.ಮೀ. ನೀರಿದೆ, ಬಾಟಲಿಯ ಬಾಯಿ ಕೊಳವೆಯ ತುದಿಗಿಂತ 10 ಸೆಂ.ಮೀ. ಮೇಲಿದೆ ಎನ್ನಿ. ಶುರುವಿನಲ್ಲಿ ಒಟ್ಟು ಎತ್ತರ 30, ಮುಗಿಯುವಾಗ 10. ಹರಿವು ಹೆಚ್ಚೂಕಡಿಮೆ ಮೂರರಲ್ಲೊಂದಕ್ಕೆ ಇಳಿಯುತ್ತದೆ. ಗೂಡಿನ ಜಾಲರಿಯಾದ ಮೆಶ್‌ನ ಮೇಲೇ ಡಬ್ಬಿ ಇಟ್ಟವರು ‘ಬೆಳಿಗ್ಗೆ ಸರಿಯಿತ್ತು, ಆಮೇಲೆ ನಿಂತೇಹೋಯಿತು’ ಎನ್ನುವುದು ಇದಕ್ಕೇ. ಅದೇ ಬಾಟಲಿಯ ಬಾಯಿಯನ್ನು 60 ಸೆಂ.ಮೀ. ಎತ್ತರಕ್ಕೆ ಏರಿಸಿದರೆ ಹರಿವು ಇಳಿಯುವುದು ನಾಲ್ಕರಲ್ಲೊಂದು ಪಾಲು ಮಾತ್ರ. ತಳ ಕತ್ತರಿಸದೆ, ಗಟ್ಟಿ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ, ಗಾಳಿಯನ್ನು ಕೆಳಗಿನ ಕಿಂಡಿಯಿಂದ ಮಾತ್ರ ಒಳಗೆ ಬಿಟ್ಟರೆ ಆ ಇಳಿಕೆಯೂ ಇರುವುದಿಲ್ಲ. ಆಗ ಬಾಟಲಿಯ ಬಾಯಿಯ ಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡವೇ ಇರುತ್ತದೆ, ಮೇಲೆ ನೀರು ಎಷ್ಟೇ ಇರಲಿ. ಮೊದಲಿನಿಂದ ಕೊನೆಯವರೆಗೂ ಹನಿಯ ವೇಗ ಬಹುತೇಕ ಒಂದೇ.

ಬಾಟಲಿ ಗಟ್ಟಿಯಾಗಿರಬೇಕು ಎಂದೆ. ತೆಳ್ಳನೆಯ ನೀರಿನ ಬಾಟಲಿ ಒಳಗೆ ಕುಗ್ಗಿ ಈ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ದಪ್ಪ ಪ್ಲಾಸ್ಟಿಕ್ಕಿನ ಒಂದು ಲೀಟರಿನ ಜ್ಯೂಸ್ ಬಾಟಲಿ ಸಾಕು. ಮುಚ್ಚಳಕ್ಕೆ ಡ್ರಿಪ್ ಸೆಟ್ಟಿನ ಮುಳ್ಳಿಗಿಂತ ಅರ್ಧ ಮಿ.ಮೀ. ಕಿರಿದಾದ ತೂತು ಕೊರೆದು, ಮುಳ್ಳನ್ನು ಒತ್ತಿ ಕೂರಿಸಿ, ಹೊರಗಡೆ ಸುತ್ತ ಎಂ-ಸೀಲ್ ಮೆತ್ತಬೇಕು, ಗಾಳಿಕಿಂಡಿಗೆ ತಾಗಬಾರದು. ರಾತ್ರಿಯಿಡೀ ಗಟ್ಟಿಯಾಗಲು ಬಿಡಿ, ಮಳೆಗಾಲದಲ್ಲಾದರೆ ಇನ್ನೊಂದು ದಿನ. ತಲೆಕೆಳಗೆ ಮಾಡಿ ಹರಿಯಬಿಟ್ಟಾಗ ಬಾಟಲಿಯೊಳಗೆ ಆಗಾಗ ಗುಳ್ಳೆ ಏಳಬೇಕು. ಗುಳ್ಳೆಯೇ ಇಲ್ಲದೆ ಹನಿ ನಿಧಾನವಾಗಿ ನಿಂತರೆ ಕಿಂಡಿಯ ಫಿಲ್ಟರ್ ನೆನೆದು ಕಟ್ಟಿದೆ ಎಂದರ್ಥ. ಒಣಗಿಸಿದರೂ ಸರಿಹೋಗದಿದ್ದರೆ ಸೆಟ್ಟನ್ನೇ ಬದಲಿಸಿ. ಗುಳ್ಳೆ ಇಲ್ಲದೆಯೂ ಹನಿ ಓಡುತ್ತಲೇ ಇದ್ದು, ಬರಬರುತ್ತಾ ನಿಧಾನವಾದರೆ ಮೇಲೆಲ್ಲೋ ಸೋರಿಕೆ ಇದೆ.

ಬಾಟಲಿಯನ್ನು ಗೂಡಿನಿಂದ 60–75 ಸೆಂ.ಮೀ. ಮೇಲೆ ಗೋಡೆಯ ಮೊಳೆಗೆ ತೂಗಿಹಾಕುತ್ತೇನೆ. ಹನಿ ಬೀಳುವ ಗಾಜಿನಂಥ ಕೋಣೆಯನ್ನು ಹಿಚುಕಿ ಅರ್ಧ ತುಂಬಿಸಿ, ಹರಿವು ಹೊಂದಿಸುವ ರೋಲರ್ ಪೂರ್ತಿ ಬಿಟ್ಟು ಕೊಳವೆಯ ಗಾಳಿ ಹೊರಹಾಕಿ, ಆಮೇಲೆ ಬಿಗಿ ಮಾಡಬೇಕು. ಕೊಳವೆ ಎಲ್ಲೂ ಜೋತು ಮತ್ತೆ ಮೇಲೇರದಂತೆ ನೋಡಿಕೊಳ್ಳಿ, ಅಂಥ ಏರಿಳಿತದಲ್ಲಿ ಗಾಳಿ ಸಿಕ್ಕಿಹಾಕಿಕೊಂಡು ಹನಿ ನಿಲ್ಲುತ್ತದೆ. ನಾನು ಇಡುವುದು ನಿಮಿಷಕ್ಕೆ 30 ಹನಿ, ಎರಡು ಸೆಕೆಂಡಿಗೊಂದು. ಅಂದರೆ ನಿಮಿಷಕ್ಕೆ ಒಂದೂವರೆ ಮಿ.ಲೀ., ಗಂಟೆಗೆ 90. ಎರಡು ಗಂಟೆಗೆ 180 ಮಿ.ಲೀ. ಅಳೆದು ಅಷ್ಟನ್ನೇ ಬಾಟಲಿಗೆ ತುಂಬುತ್ತೇನೆ. ನಿಲ್ಲಿಸಲು ಮರೆತರೂ, ರೋಲರ್ ಜಾರಿದರೂ ಚೆಲ್ಲುವುದು ಒಂದು ಲೋಟವಷ್ಟೇ.

ರೋಲರ್ ಜಾರದಿದ್ದರೂ ಅದರಡಿಯ ಪ್ಲಾಸ್ಟಿಕ್ ಕೊಳವೆ ಒತ್ತಡಕ್ಕೆ ಮೆಲ್ಲನೆ ಆಕಾರ ಬದಲಿಸುತ್ತದೆ, ಹನಿಯೂ ಬದಲಾಗುತ್ತದೆ. ಹಾಗಾಗಿ ಇಟ್ಟ ಹದಿನೈದು ನಿಮಿಷಕ್ಕೆ ಇನ್ನೊಮ್ಮೆ ಎಣಿಸಲೇಬೇಕು. ವಾರಕ್ಕೊಮ್ಮೆ ರೋಲರನ್ನು ಕೊಳವೆಯ ಬೇರೆ ಜಾಗಕ್ಕೆ ಸರಿಸಿದರೆ ಇನ್ನೂ ಒಳ್ಳೆಯದು. ಚಳಿಗಾಲದಲ್ಲಿ ಇನ್ನೊಂದು ತರಲೆ ಸೇರುತ್ತದೆ: ತಣ್ಣೀರು ಮಂದವಾಗಿ ಹರಿಯುತ್ತದೆ. ಡಿಸೆಂಬರ್ ಬೆಳಗಿನ 12 ಡಿಗ್ರಿ ನೀರು, 25 ಡಿಗ್ರಿಯ ನೀರಿಗಿಂತ ಕಾಲುಭಾಗಕ್ಕೂ ಹೆಚ್ಚು ನಿಧಾನ. ಮಧ್ಯಾಹ್ನ ಎಣಿಸಿ ಇಟ್ಟದ್ದು ಬೆಳಿಗ್ಗೆ ಹಾಗೇ ಇರುವುದಿಲ್ಲ. ಹೇಗೂ ಗೋಸುಂಬೆ ಮೈ ಕಾಯಿಸಿಕೊಳ್ಳುವ ಮೊದಲು ಕುಡಿಯಲು ಮನಸ್ಸು ಮಾಡುವುದಿಲ್ಲ. ದೀಪ ಹಚ್ಚಿ ಒಂದು ಗಂಟೆಯಾದ ಮೇಲೆ, ಕೋಣೆಯ ಬಿಸಿಗೆ ಬಂದ ನೀರಿನಿಂದ ಶುರು ಮಾಡಿದರೆ ಎರಡೂ ಸಮಸ್ಯೆ ತಪ್ಪುತ್ತವೆ.

ಕೊಳವೆಯ ತುದಿಗೆ ಕಪ್ಪು ಮೈಕ್ರೋ ಟ್ಯೂಬ್ ಸೇರಿಸಿ, ಮೆಶ್‌ನಲ್ಲಿ ಗ್ರಾಮೆಟ್ ಕೂರಿಸಿ, ಒಳಗೆ ಎರಡು ಸೆಂ.ಮೀ. ಚಾಚಿರುವಂತೆ ಬಿಡಬೇಕು. ಟ್ಯೂಬ್ ಮೆಶ್‌ಗೆ ತಾಗಿಕೊಂಡಿದ್ದರೆ ನೀರು ತಂತಿ ಹಿಡಿದು ಗೂಡಿನ ಮೂಲೆಗೆ ಹೋಗುತ್ತದೆ. ಎಲೆಗೆ ತಾಗಿದ್ದರೆ ದಂಟು ಹಿಡಿದು ಸದ್ದಿಲ್ಲದೆ ಇಳಿದುಬಿಡುತ್ತದೆ, ಹನಿ ಕಾಣಿಸುವುದೇ ಇಲ್ಲ. ಎಲೆಗೂ ತುದಿಗೂ 15 ಸೆಂ.ಮೀ. ಅಂತರವಿದ್ದರೆ ಹನಿ ಬಿದ್ದು ಎಲೆ ಅಲುಗುತ್ತದೆ. ಪ್ರಾಣಿಯ ಗಮನ ಸೆಳೆಯುವುದೇ ಆ ಅಲುಗಾಟ. ಮೇಲಿನ ಎಲೆಯಿಂದ ಕೆಳಗಿನದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹನಿ ಉರುಳುವಂತೆ ಕುಂಡ ತಿರುಗಿಸಿಡಿ. ದಾಸವಾಳ ನನ್ನ ಮೊದಲ ಆಯ್ಕೆ, ಏಕೆಂದರೆ ವೇಲ್ಡ್ ಗೋಸುಂಬೆ ಎಲೆ ತಿನ್ನುತ್ತದೆ, ದಾಸವಾಳ ತಿಂದರೆ ಚಿಂತೆಯಿಲ್ಲ. ಗೋಸುಂಬೆ ಬಿಸಿಲು ಕಾಯಿಸುವ ಕೊಂಬೆಯಿಂದ ಒಂದು ಗೇಣಿನಾಚೆ ಹನಿ ಬೀಳಲಿ, ಮೈಮೇಲೆ ಬೀಳಬಾರದು.

ತೋಟದಿಂದ ಸೊಪ್ಪು, ಕೊಂಬೆ ತರುವವರು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಕಾಲವನ್ನು ನೆನಪಿಡಬೇಕು. ಕಾಫಿ, ಮೆಣಸು, ಅಡಿಕೆಗೆ ಹೊಡೆದ ಮೈಲುತುತ್ತ ಪಕ್ಕದ ದಾಸವಾಳದ ಮೇಲೂ, ಶೀಟಿನ ಮೇಲೂ ಕೂತಿರುತ್ತದೆ. ಸಿಂಪಡಣೆಯಾದ ಮೇಲಿನ ಮೊದಲ ಮಳೆಯ ಸೂರಿನ ನೀರು ಈ ಬಾಟಲಿಗೆ ಬೇಡ. ಔಷಧಿ ಹೊಡೆದ ಪಂಪಿನ ಪೈಪಂತೂ ಎಷ್ಟು ತೊಳೆದರೂ ಬೇಡ.

ನೀರು ಬಾವಿಯದ್ದಾದರೆ ಕುದಿಸಿ, ಆರಿಸಿ, ತೆಳುಬಟ್ಟೆಯಲ್ಲಿ ಸೋಸಿ ಬಳಸುತ್ತೇನೆ. ಕಬ್ಬಿಣದಂಶವಿರುವ ಬಾವಿ ನೀರು ಕೊಳವೆಯೊಳಗೆ ಕೆಂಪು ಗಸಿ ಕಟ್ಟಿ ರೋಲರ್ ಒತ್ತಿದ ಜಾಗದಲ್ಲೇ ತಡೆಯುತ್ತದೆ. ಕುದಿಸಿ ಒಂದು ರಾತ್ರಿ ಇಟ್ಟು ಮೇಲಿನ ತಿಳಿಯನ್ನಷ್ಟೇ ತೆಗೆದರೆ ಅದರ ಬಹುಪಾಲು ತಳದಲ್ಲೇ ಉಳಿಯುತ್ತದೆ. ಉಳಿದ ನೀರನ್ನು ನಾಳೆಗೆ ಇಡುವುದಿಲ್ಲ. ನಿಂತ ನೀರಿನ ಲೋಳೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಕಣ್ಣು, ಬಾಯಿಯ ಸೋಂಕಿಗೆ ಕಾರಣವಾಗಬಹುದು. ವಾರಕ್ಕೊಮ್ಮೆ ಲೀಟರ್ ನೀರಿಗೆ ಒಂದು ಟೀ ಚಮಚ ಬ್ಲೀಚ್ ದ್ರಾವಣ ಬೆರೆಸಿ ಹತ್ತು ನಿಮಿಷ ಕೊಳವೆಯಲ್ಲಿ ನಿಲ್ಲಿಸಿ, ವಾಸನೆ ಪೂರ್ತಿ ಹೋಗುವವರೆಗೆ ತೊಳೆದು ಒಣಗಿಸುತ್ತೇನೆ. ಡ್ರಿಪ್ ಸೆಟ್ ತಿಂಗಳಿಗೊಂದು ಹೊಸದು.

ಹೆಚ್ಚಿನವರು ಮರೆಯುವುದು ನೀರು ಹೊರಹೋಗುವ ದಾರಿ. ಮಳೆಗಾಲದಲ್ಲಿ ತಳದ ತಟ್ಟೆಯ ನೀರು ಆವಿಯಾಗುವುದೇ ಇಲ್ಲ. ಬೂಸ್ಟು ಬರುತ್ತದೆ, ಮೇವಿಗೆ ಬಿಟ್ಟ ಜಿರಳೆ, ಚಿಮ್ಮಂಡೆ ಅದರಲ್ಲಿ ಬಿದ್ದು ಸಾಯುತ್ತವೆ. ತಟ್ಟೆಯನ್ನು 30 ಸೆಂ.ಮೀ.ಗೆ ಒಂದು ಸೆಂ.ಮೀ. ವಾಟ ಕೊಟ್ಟು, ತಗ್ಗಿನ ತುದಿಯಲ್ಲಿ ಅರ್ಧ ಇಂಚಿನ ನಳಿಕೆ ಕೂರಿಸಿ ಬಕೆಟ್ಟಿಗೆ ಬಿಡಿ. ನಳಿಕೆಯ ಬಾಯಿಗೆ ಜಾಲರಿ ಇರಲಿ. ಕೊನೆಯ ಎಲೆಯ ಹನಿ ಕುಂಡದೊಳಗೆ ಬೀಳದಂತೆ ನೋಡಿ, ದಿನಾ ಬಿದ್ದರೆ ಬೇರು ಕೊಳೆಯುತ್ತದೆ. ಹನಿ ನಿಂತು ಎರಡು ಗಂಟೆಯಲ್ಲಿ ಎಲೆಗಳು ಒಣಗಿರಬೇಕು. ಆಗದಿದ್ದರೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನನ್ನು ಮೆಶ್‌ನ ಹೊರಗೆ, ಗಾಳಿ ಹೊರಗೆಳೆಯುವಂತೆ ಕಟ್ಟಿ. ಒಳಕ್ಕೆ ಊದಬಾರದು. ಕುಶಾಲನಗರದ ಕಡೆಯವರಿಗೆ ಬಹುಶಃ ಇದರ ಅಗತ್ಯ ಬೀಳದು. ಮಾರ್ಚ್, ಏಪ್ರಿಲ್‌ನಲ್ಲಿ ಹನಿಯ ಜೊತೆಗೆ ಬೆಳಗಿನ ಜಾವ ಎರಡು ನಿಮಿಷ ತುಂತುರು ಕೊಟ್ಟರೆ ಸಾಕು.

ನೀರು ಸಾಲುತ್ತಿದೆಯೇ ಎಂದು ತಿಳಿಯಲು ಹಿಕ್ಕೆಯ ಜೊತೆ ಬರುವ ಗಟ್ಟಿ ಮೂತ್ರ ನೋಡಿ. ಬಿಳಿಯಿದ್ದರೆ ಸರಿ. ಇಡೀ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ, ಕಣ್ಣಿನ ಗೋಪುರ ಒಳಗೆ ಕುಸಿದಿದ್ದರೆ ಹನಿಯ ಅವಧಿ ಹೆಚ್ಚಿಸಿ, ಪಶುವೈದ್ಯರಿಗೂ ತೋರಿಸಿ.

ಎರಡು ಮೂರು ದಿನ ಮನೆಯಲ್ಲಿರದವರು ಟೈಮರ್ ಕೇಳುತ್ತಾರೆ. ವಾಷಿಂಗ್ ಮೆಷಿನ್ನಿನ, ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ತರಬೇಡಿ, ಅದು ತೆರೆಯಲು ನಲ್ಲಿಯ ಒತ್ತಡ ಬೇಕು. ಬಾಟಲಿಯ ಒತ್ತಡಕ್ಕೆ ಜಗ್ಗುವುದಿಲ್ಲ. ನಾನು ಬಳಸುವುದು ಕೊಳವೆಯನ್ನು ಹಿಂಡಿ ನೀರು ದೂಡುವ 12 ವೋಲ್ಟಿನ ಪೆರಿಸ್ಟಾಲ್ಟಿಕ್ ಪಂಪು, 12 ವೋಲ್ಟಿನದ್ದೇ ಟೈಮರ್, 7 ಆಂಪಿಯರ್-ಅವರ್ ಬ್ಯಾಟರಿ. ನೇರ ಹನಿಗೆ ಪಂಪಿನ ವೇಗ ಜಾಸ್ತಿಯಾಗುತ್ತದೆ. ಆದ್ದರಿಂದ ಅದು ನೆಲದ ಕ್ಯಾನಿನಿಂದ ಮೇಲಿನ ತೆರೆದ ಲೋಟಕ್ಕೆ 180 ಮಿ.ಲೀ. ಎತ್ತಿ ನಿಲ್ಲುತ್ತದೆ, ಲೋಟದ ತಳದಿಂದ ಡ್ರಿಪ್ ಸೆಟ್ ಇಳಿಯುತ್ತದೆ. ಎಷ್ಟು ಸೆಕೆಂಡಿಗೆ 180 ಮಿ.ಲೀ. ಎಂಬುದನ್ನು ನಿಮ್ಮ ಪಂಪಿನಲ್ಲೇ ಅಳೆದುಕೊಳ್ಳಿ. ಇಲ್ಲಿ ಹನಿ ಕೊನೆಯಲ್ಲಿ ನಿಧಾನವಾಗುತ್ತದೆ, ಎರಡು ದಿನದ ಮಟ್ಟಿಗೆ ತೊಂದರೆಯಿಲ್ಲ. ಕ್ಯಾನ್ ಗೂಡಿಗಿಂತ ಕೆಳಗೇ ಇರಬೇಕು, ಪಂಪಿನ ಕೊಳವೆಯ ತುದಿ ಲೋಟದ ನೀರಿಗೆ ಮುಟ್ಟದೆ ಅಂಚಿನ ಮೇಲೆ ನಿಂತಿರಬೇಕು. ಆಗ ಪಂಪು ಕೆಟ್ಟರೂ, ಗಾಳಿಮಳೆಗೆ ಕರೆಂಟ್ ಹೋಗಿ ಬ್ಯಾಟರಿ ಖಾಲಿಯಾದರೂ ಕ್ಯಾನಿನ ನೀರು ತಾನಾಗಿ ಗೂಡಿಗೆ ಇಳಿಯುವುದಿಲ್ಲ. ಟೈಮರ್ ಓದಲು ಬರುವ ನೆರೆಯವರೊಬ್ಬರಿಗೆ ಬೀಗದ ಕೈ ಕೊಟ್ಟು ಹೋಗಿ. ಲೋಟ ಬೆಳಿಗ್ಗೆ ತುಂಬಿ ಮಧ್ಯಾಹ್ನಕ್ಕೆ ಖಾಲಿಯಾಗಿದ್ದರೆ ಅವರು ಬೇರೇನನ್ನೂ ಮುಟ್ಟಬೇಕಿಲ್ಲ.