ಮಂಡ್ಯ 41ನೆಯ ಶಾಸನದಿಂದ ನಮ್ಮೂರ ಕೆರೆ ಏರಿಯವರೆಗೆ

ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನಾನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಗ್ರಹದ ಮೂರನೆಯ ಸಂಪುಟವನ್ನು ಮನೆಗೆ ತಂದದ್ದು, ನಮ್ಮ ಹಿರಿಯರ ಇನಾಂ ಜಮೀನಿನ ಸುಳಿವೇನಾದರೂ ಸಿಕ್ಕೀತೆಂಬ ಆಸೆಯಿಂದ. ಬಿ.ಎಲ್. ರೈಸ್ ಅವರು 1894ರಲ್ಲಿ ಹೊರತಂದ ಆ ಗ್ರಂಥದಲ್ಲಿದ್ದುದು ತಾಲ್ಲೂಕುವಾರು ಸಂಖ್ಯೆ ಹಾಕಿದ ಕಲ್ಬರಹಗಳು, ದತ್ತಿಯ ಗದ್ದೆಗಳ ಎಲ್ಲೆಕಟ್ಟು, ಕಂಡುಗವೆಂಬ ಅಳತೆಯ, ಗದ್ಯಾಣವೆಂಬ ಹೊನ್ನಿನ ನಾಣ್ಯದ ಲೆಕ್ಕ. ಜಮೀನಿನ ಸುಳಿವು ಸಿಗಲಿಲ್ಲ. ಪುಸ್ತಕ ಹಿಂದಿರುಗಿಸುವ ಮುನ್ನಾದಿನ ರಾತ್ರಿ ಮಂಡ್ಯ ತಾಲ್ಲೂಕಿನ 41ನೆಯ ಶಾಸನ ಕಣ್ಣಿಗೆ ಬಿತ್ತು.

ಅದು ಆತಕೂರಿನ ಕಲ್ಲು. ಚೋಳ ರಾಜಾದಿತ್ಯನು ಮಡಿದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ತನ್ನ ಯೋಧ ಮಣಲೆರನಿಗೆ ಗಂಗರ ಅರಸ ಬೂತುಗನು ಮೆಚ್ಚಿ ‘ಬೇಡಿಕೊಳ್ಳು’ ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆರಗಿ ಕಾದಿತು, ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಅದನ್ನು ಅನುಭವಿಸುವ ಗೊರವನು (ಶೈವ ಪೂಜಾರಿ) ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲೆಂದು ಬರೆಸಿದ್ದಾರೆ. ಗದ್ದೆಯ ಅಳತೆಯ ಪಕ್ಕದಲ್ಲೇ ಒಂದು ನಾಯಿಗಾಗಿ ಪಟ್ಟ ಸಂಕಟ ಸಾವಿರ ವರ್ಷ ಉಳಿದಿದೆಯೆಂಬುದು ಮನಸ್ಸಿಗೆ ಹೊಕ್ಕ ಮೇಲೆ, ಲೆಕ್ಕದ ಪುಸ್ತಕಗಳನ್ನೂ ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮುಂದೆ ನಾನು ಒಂದಿಡೀ ಮಧ್ಯಾಹ್ನ ನಿಂತಿದ್ದೇನೆ.

ಅಂದಿನಿಂದ ದಿನಕ್ಕೆ ಎರಡು ಶಾಸನಗಳಂತೆ ಓದಿದೆ: ಮೊದಲು ಕನ್ನಡ ಪಾಠವನ್ನು ಗಟ್ಟಿಯಾಗಿ, ತಿಳಿಯದಿದ್ದರೂ ಪೂರ್ತಿಯಾಗಿ; ಆಮೇಲೆ ಇಂಗ್ಲಿಷ್ ಅನುವಾದವನ್ನು. ಭಾನುವಾರಗಳಲ್ಲಿ ಆಯಾ ಊರಿಗೆ ಹೋಗಿ ಕಲ್ಲನ್ನೇ ಹುಡುಕಿದೆ. ನಡುಹಗಲಿನ ಬಿಸಿಲಿನಲ್ಲಿ ಅಕ್ಷರಗಳು ಕಾಣುವುದೇ ಇಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ, ಅಥವಾ ಕತ್ತಲಾದ ಮೇಲೆ ಪಕ್ಕದಿಂದ ಹಿಡಿದ ಟಾರ್ಚಿನ ಬೆಳಕಿನಲ್ಲಿ ಒಂದೊಂದಾಗಿ ಎದ್ದು ಬರುತ್ತವೆ. ಸೀಮೆಸುಣ್ಣ ಬಳಿಯುವುದಾಗಲಿ, ತಂತಿಯ ಬ್ರಷ್ಷಿನಿಂದ ಉಜ್ಜುವುದಾಗಲಿ ಕೂಡದು. ತಿಳಿನೀರು, ಮೆತ್ತನೆಯ ಬಟ್ಟೆ ಸಾಕು.

ನಮ್ಮೂರ ಕೆರೆ ಏರಿಯ ಮೇಲಿನ ಕಲ್ಲಿನ ಬಳಿಗೆ ಹೋದದ್ದು ಕಡೆಗೆ. ಚಿಕ್ಕಂದಿನಲ್ಲಿ ನಾನೇ ಕುಡುಗೋಲು ಮಸೆದಿದ್ದ ಅಂಚನ್ನು ತೊಳೆದಾಗ, ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದ ಆಳು, ಅವನ ಹಿಂದೆ ಹಸುಗಳ ಸಾಲು, ಮೇಲೆ ಅವನನ್ನು ಕರೆದೊಯ್ಯುವ ಅಪ್ಸರೆಯರು ಕಂಡರು. ಬರಹವಿದ್ದ ಪಟ್ಟಿ ಸವೆದುಹೋಗಿತ್ತು. ‘ತುಱು’ (ಎಂದರೆ ದನ) ಎಂಬ ಎರಡೇ ಅಕ್ಷರಗಳು ನನ್ನ ಬೆರಳಿಗೆ ಸಿಕ್ಕವು.