ಸೆಕೆಂಡ್ ಹ್ಯಾಂಡ್ ಪೇಂಟ್‌ಬಾಲ್ ಮಾರ್ಕರ್: ಕೊಳ್ಳುವ ಮುನ್ನ ಏನೇನು ನೋಡಬೇಕು?

ಅಮೆರಿಕಕ್ಕೆ ಓದಲು, ಕೆಲಸಕ್ಕೆಂದು ಹೋದ ನಮ್ಮವರಲ್ಲಿ ಕೆಲವರು ಆಫೀಸಿನ ಗೆಳೆಯರ ಜೊತೆ ಒಮ್ಮೆ ಪೇಂಟ್‌ಬಾಲ್ (ಬಣ್ಣ ತುಂಬಿದ ಚೆಂಡು ಹೊಡೆಯುವ ಆಟ) ಆಡಿ, ಆಮೇಲೆ ಆಟವನ್ನು ಹಚ್ಚಿಕೊಂಡುಬಿಡುತ್ತಾರೆ. ಪ್ರತಿ ಸಲ ಬಾಡಿಗೆ ಕೊಟ್ಟು ಸಾಕಾದಾಗ ಸ್ವಂತದ ಮಾರ್ಕರ್, ಅಂದರೆ ಆ ಚೆಂಡು ಹಾರಿಸುವ ಸಾಧನ ಬೇಕು ಅನ್ನಿಸುತ್ತದೆ. ಆಗ ಹಳೆಯದನ್ನು ಹುಡುಕುವುದು ಒಳ್ಳೆಯ ದಾರಿಯೇ. ಚೆನ್ನಾಗಿ ನೋಡಿಕೊಂಡ ಮಾರ್ಕರ್ 15–20 ವರ್ಷ ಆದರೂ ಕೆಲಸ ಮಾಡುತ್ತದೆ. ಜೊತೆಗೆ ಬರುವ ಗಾಳಿ ಟ್ಯಾಂಕ್ ಮತ್ತು ಕಣ್ಣು-ಮುಖ ಕಾಯುವ ಮಾಸ್ಕ್ ಹಾಗಲ್ಲ, ಅವಕ್ಕೆ ವಯಸ್ಸಾಗುತ್ತದೆ. ಹೊಸಬರು ಮಾರ್ಕರ್ ಮೇಲಿನ ಗೀರುಗಳನ್ನು ನೋಡಿ ಚೌಕಾಸಿ ಮಾಡುತ್ತಾರೆ, ಟ್ಯಾಂಕಿನ ಮೇಲಿನ ತಾರೀಖು ನೋಡುವುದನ್ನೇ ಮರೆಯುತ್ತಾರೆ. ನೋಡಬೇಕಾದದ್ದು ಮೊದಲು ಅದನ್ನು.

ವೀಸಾದ ಮೇಲೆ ಇರುವವರಿಗೆ ಒಂದು ಅನುಮಾನ ಬರುವುದು ಸಹಜ. ಇದು ಬಂದೂಕು ಅನ್ನಿಸಿಕೊಳ್ಳುತ್ತದಾ? ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ, ಮದ್ದು ಸಿಡಿದು ಗುಂಡು ಹಾರಿದರೆ ಅದು ಬಂದೂಕು. ಮಾರ್ಕರ್ ಗಾಳಿಯ ಒತ್ತಡದಿಂದ ಓಡುತ್ತದೆ, ಹಾಗಾಗಿ ಆ ಸಾಲಿಗೆ ಬರುವುದಿಲ್ಲ. ಆದರೆ ಕೊಳ್ಳುವವರ ವಯಸ್ಸು, ಹೊರಗೆ ಒಯ್ಯುವುದು ಇತ್ಯಾದಿಗೆ ರಾಜ್ಯ, ಊರುಗಳ ನಿಯಮ ಬೇರೆ ಬೇರೆ ಇರಬಹುದು. ನಿಮ್ಮ ಊರಿನ ನಿಯಮ ಓದಿಕೊಂಡೇ ಮುಂದುವರಿಯಿರಿ.

ಮೊದಲ ಹೆಜ್ಜೆ: ನೀವು ಆಡುವ ಫೀಲ್ಡಿನಲ್ಲೇ ವಿಚಾರಿಸಿ

ಆನ್‌ಲೈನ್ ಜಾಹೀರಾತು ತೆರೆಯುವ ಮೊದಲು ಫೀಲ್ಡಿನ ಅಂಗಡಿಯಲ್ಲಿ ಕೇಳಿ. ಬಾಡಿಗೆಗೆ ಕೊಟ್ಟ ಹಳೆ ಮಾರ್ಕರ್‌ಗಳನ್ನು ಅವರು ಆಗಾಗ ಮಾರುತ್ತಾರೆ. ಅವು ನೋಡಲು ಸವೆದಿರುತ್ತವೆ, ಆದರೆ ಅಲ್ಲಿನವರೇ ರಿಪೇರಿ ಮಾಡಿಕೊಂಡು ಬಂದಿರುತ್ತಾರೆ. ಅಲ್ಲಿ ಗಾಳಿ ತುಂಬುವ ಕಂಪ್ರೆಸರ್ ಇರುತ್ತದೆ, ವೇಗ ಅಳೆಯುವ ಕ್ರೋನೋಗ್ರಾಫ್ ಇರುತ್ತದೆ, ಗೊತ್ತಿರುವ ಜನ ಇರುತ್ತಾರೆ. ಬೇರೆಯವರಿಂದ ಕೊಳ್ಳುವುದಾದರೂ ಅವರನ್ನು ಅಲ್ಲಿಗೇ ಕರೆಸಿ. ಯಾವುದೋ ಪಾರ್ಕಿಂಗ್ ಜಾಗದಲ್ಲಿ ಗಾಳಿ ಇಲ್ಲದ ಮಾರ್ಕರ್ ಕೈಗೆ ತೆಗೆದುಕೊಂಡು ದುಡ್ಡು ಕೊಡಬೇಡಿ.

ಯಾವುದನ್ನು ಆರಿಸುವುದು?

ಹೊಸಬರಿಗೆ ಬ್ಯಾಟರಿ ಇಲ್ಲದ ಮೆಕ್ಯಾನಿಕಲ್ ಮಾರ್ಕರ್ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಟಿಪ್‌ಮನ್ 98 ಕಸ್ಟಮ್ ಇದಕ್ಕೆ ಒಳ್ಳೆಯ ಉದಾಹರಣೆ. ಭಾರ ಇದೆ, ಸದ್ದು ಜಾಸ್ತಿ. ಆದರೆ ಕೆಸರಿಗೆ ಬಿದ್ದರೂ ಎದ್ದು ಕೆಲಸ ಮಾಡುತ್ತದೆ. ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಅಲೆನ್ ಕೀ ಇದ್ದರೆ ಮನೆಯಲ್ಲೇ ಬಿಚ್ಚಿ ಜೋಡಿಸಬಹುದು. ಬಳಸಿದ್ದು ಸಾಮಾನ್ಯವಾಗಿ 100 ಡಾಲರ್ ಒಳಗೇ ಸಿಗುತ್ತದೆ. ಅದೇ ಕಂಪನಿಯ ಎ-5 ಕೂಡ ಗಟ್ಟಿ ಆಳು. ಇನ್ನೂ ಸ್ವಲ್ಪ ದುಡ್ಡು ಹಾಕಬಲ್ಲೆ ಅನ್ನುವವರು ಪ್ಲಾನೆಟ್ ಎಕ್ಲಿಪ್ಸ್ ಎಮೆಕ್ ಹುಡುಕಲಿ. ಅದಕ್ಕೂ ಬ್ಯಾಟರಿ ಬೇಡ, ಆದರೆ ಮೆತ್ತಗೆ ಹೊಡೆಯುತ್ತದೆ, ಚೆಂಡುಗಳು ಒಳಗೇ ಒಡೆಯುವುದು ಕಡಿಮೆ.

ಕಡಿಮೆ ಬೆಲೆಗೆ ಸಿಗುವ ಹಳೆಯ ಎಲೆಕ್ಟ್ರಾನಿಕ್ ಮಾರ್ಕರ್‌ಗಳು ಕಣ್ಣು ಸೆಳೆಯುತ್ತವೆ. ಸ್ಮಾರ್ಟ್ ಪಾರ್ಟ್ಸ್ ಕಂಪನಿಯ ಆಯಾನ್ ಅಂಥದ್ದು. 2005ರಲ್ಲಿ ಬಂದಾಗ ಹೊಸಬರ ಕೈಗೆ ಎಟುಕುವ ಬೆಲೆಯ ಎಲೆಕ್ಟ್ರಾನಿಕ್ ಮಾರ್ಕರ್ ಎಂದು ಹೆಸರು ಮಾಡಿತು. ಕಂಪನಿ 2010ರಲ್ಲಿ ಮುಚ್ಚಿತು. ಇವತ್ತು ಅದರ ಸರ್ಕೀಟ್ ಬೋರ್ಡ್ ಕೆಟ್ಟರೆ ಬದಲಿ ಹುಡುಕುವುದೇ ಒಂದು ಕೆಲಸ. ಹಾಗಾಗಿ ಯಾವ ಮಾಡೆಲ್ ನೋಡಿದರೂ ಕಂಪನಿ ಇನ್ನೂ ಇದೆಯಾ, ಬಿಡಿಭಾಗ ಸಿಗುತ್ತಾ ಎಂದು ಮೊದಲು ತಿಳಿದುಕೊಳ್ಳಿ.

ಟ್ಯಾಂಕ್: ಇಲ್ಲಿ ಅವಸರ ಬೇಡ

ಮಾರ್ಕರ್‌ಗೆ ಶಕ್ತಿ ಬರುವುದು ಎರಡು ಬಗೆಯ ಟ್ಯಾಂಕಿನಿಂದ. ಒಂದರಲ್ಲಿ ಕಾರ್ಬನ್ ಡೈಆಕ್ಸೈಡ್, ಇನ್ನೊಂದರಲ್ಲಿ ಒತ್ತಿ ತುಂಬಿದ ಬರೀ ಗಾಳಿ. ಕಾರ್ಬನ್ ಡೈಆಕ್ಸೈಡ್ ಟ್ಯಾಂಕ್ ಅಗ್ಗ. ಆದರೆ ಚಳಿಯಲ್ಲಿ ಒತ್ತಡ ಇಳಿಯುತ್ತದೆ, ಬೇಗ ಬೇಗ ಹೊಡೆದರೂ ಇಳಿಯುತ್ತದೆ. ಟ್ಯಾಂಕಿನೊಳಗಿನ ದ್ರವ ಮಾರ್ಕರ್‌ಗೆ ನುಗ್ಗಿದರೆ ಎಲೆಕ್ಟ್ರಾನಿಕ್ ಮಾರ್ಕರ್‌ನ ಸೂಕ್ಷ್ಮ ಭಾಗಗಳು ಹಾಳಾಗುತ್ತವೆ. ಗಾಳಿ ಟ್ಯಾಂಕ್ ಎಲ್ಲ ಬಗೆಯ ಮಾರ್ಕರ್‌ಗೂ ಒಳ್ಳೆಯದು.

ಗಾಳಿ ಟ್ಯಾಂಕಿನ ಮೇಲೆ 48/3000 ಅಥವಾ 68/4500 ಎಂದು ಬರೆದಿರುತ್ತದೆ. ಮೊದಲಿನದು ಎಷ್ಟು ಘನ ಇಂಚು ಜಾಗ ಇದೆ ಅನ್ನುವುದು. ಎರಡನೆಯದು ತುಂಬಬಹುದಾದ ಒತ್ತಡ, ಪಿಎಸ್‌ಐ ಲೆಕ್ಕದಲ್ಲಿ. ಕಾರಿನ ಟೈರಿನಲ್ಲಿ ಇರುವುದು 30–35 ಪಿಎಸ್‌ಐ. ಅದನ್ನು 3000ದ ಪಕ್ಕ ಇಟ್ಟು ನೋಡಿದರೆ ಟ್ಯಾಂಕ್ ವಿಷಯದಲ್ಲಿ ಯಾಕಿಷ್ಟು ಹೇಳುತ್ತಿದ್ದೇನೆ ಎಂದು ಗೊತ್ತಾಗುತ್ತದೆ.

ಟ್ಯಾಂಕಿನ ಮೈಮೇಲೆ ಪರೀಕ್ಷೆ ಆದ ತಿಂಗಳು ಮತ್ತು ವರ್ಷ ಮುದ್ರಿಸಿರುತ್ತಾರೆ. ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಅಧಿಕೃತ ಕೇಂದ್ರದಲ್ಲಿ ಟ್ಯಾಂಕಿಗೆ ನೀರಿನ ಒತ್ತಡದ ಪರೀಕ್ಷೆ, ಅಂದರೆ ಹೈಡ್ರೋ ಟೆಸ್ಟ್ ಆಗಬೇಕು. ಆ ಅವಧಿ ಮೀರಿದ್ದರೆ ಫೀಲ್ಡಿನವರು ಗಾಳಿ ತುಂಬಲು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಕಾರ್ಬನ್ ಫೈಬರ್ ಟ್ಯಾಂಕ್‌ಗಳಿಗೆ ಒಟ್ಟು ಆಯುಸ್ಸೇ 15 ವರ್ಷ. ಆಮೇಲೆ ಪರೀಕ್ಷೆ ಮಾಡಿಸಿಯೂ ಬಳಸುವಂತಿಲ್ಲ. ಇನ್ನು ಅಲ್ಯೂಮಿನಿಯಂ ಟ್ಯಾಂಕ್. ಅವಧಿ ಮುಗಿದಿದ್ದರೆ ಅದರ ಬೆಲೆ ಸೊನ್ನೆ ಎಂದೇ ಲೆಕ್ಕ ಹಾಕಿ. ವಾಲ್ವ್ ಬಿಚ್ಚಿಸಿ, ಪರೀಕ್ಷೆ ಮಾಡಿಸಿ, ಮತ್ತೆ ಕೂರಿಸುವ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ. ಕಾರ್ಬನ್ ಫೈಬರ್ ಮೇಲೆ ಆಳವಾದ ಕಚ್ಚು, ಎದ್ದ ನಾರು ಕಂಡರೆ ತಾರೀಖು ಚೆನ್ನಾಗಿದ್ದರೂ ಬಿಟ್ಟುಬಿಡಿ.

ಇನ್ನೊಂದು ಅಪಾಯ ಟ್ಯಾಂಕ್ ಬಿಚ್ಚುವಾಗಿನದು. ಮಾರ್ಕರ್‌ನಿಂದ ಟ್ಯಾಂಕ್ ತಿರುಗಿಸಿ ತೆಗೆಯುವಾಗ ವಾಲ್ವ್ ಸಹಿತ ಇಡೀ ಟ್ಯಾಂಕ್ ತಿರುಗಬೇಕು. ಸಡಿಲವಾದ ವಾಲ್ವ್ ಮಾರ್ಕರ್‌ನಲ್ಲೇ ಉಳಿದು ಬಾಟಲಿ ಮಾತ್ರ ಬಿಚ್ಚಿಕೊಂಡರೆ ಅದು ರಾಕೆಟ್ ಥರ ಹಾರುತ್ತದೆ. ಅಮೆರಿಕದಲ್ಲಿ ಇದರಿಂದ ಸಾವುಗಳೂ ಆಗಿವೆ. ಇದನ್ನು ಗುರುತಿಸಲು ಸುಲಭದ ಉಪಾಯ ಇದೆ. ವಾಲ್ವ್ ಮತ್ತು ಬಾಟಲಿ ಸೇರುವ ಕಡೆ, ಎರಡರ ಮೇಲೂ ಹಾಯುವಂತೆ ಉಗುರು ಬಣ್ಣದಿಂದ ಒಂದು ಗೆರೆ ಎಳೆಯಿರಿ. ತಿರುಗಿಸುವಾಗ ಆ ಗೆರೆ ಒಂದಾಗಿಯೇ ಇರಬೇಕು. ಗೆರೆ ಕಡಿದಂತೆ ಕಂಡರೆ ತಕ್ಷಣ ಕೈ ನಿಲ್ಲಿಸಿ, ಅಂಗಡಿಯವರಿಗೆ ಕೊಡಿ.

ಗಾಳಿ ಹಾಕಿ ಪರೀಕ್ಷಿಸುವುದು

ಮಾಸ್ಕ್ ಹಾಕಿಕೊಂಡೇ ಶುರು ಮಾಡಿ. ಗಾಳಿ ಹಾಕುವ ಮುನ್ನ ಸ್ಕ್ರೂಗಳ ತಲೆ ನೋಡಿ. ಅಲೆನ್ ಕೀ ಕೂರುವ ಜಾಗ ಸವೆದು ದುಂಡಗಾಗಿದ್ದರೆ ಯಾರೋ ತಿಳಿಯದೆ ತಿರುವಿದ್ದಾರೆ ಎಂದರ್ಥ. ಬ್ಯಾರೆಲ್ (ಚೆಂಡು ಹೊರಬರುವ ಕೊಳವೆ) ಬಿಚ್ಚಿ ಬೆಳಕಿಗೆ ಹಿಡಿದು ಒಳಗೆ ಗೀರು ಇದೆಯಾ ನೋಡಿ. ಟ್ಯಾಂಕ್ ಕೂರುವ ಕಡೆಯ ತಿರುಪಿನ ಗೆರೆಗಳು (ಥ್ರೆಡ್) ಸವೆದಿರಬಾರದು. ಎಲೆಕ್ಟ್ರಾನಿಕ್ ಆಗಿದ್ದರೆ ಬ್ಯಾಟರಿ ಗೂಡಿನಲ್ಲಿ ಹಸಿರು ಪಾಚಿಯಂಥದ್ದು ಕಟ್ಟಿದೆಯಾ ನೋಡಿ.

ಈಗ ಟ್ಯಾಂಕ್ ಹಾಕಿ, ಸುಮ್ನೆ ಒಂದೆರಡು ನಿಮಿಷ ಕಿವಿಗೊಡಿ. ಟ್ಯಾಂಕ್ ಸೇರುವ ಜಾಗದಲ್ಲಿ ಸುಸ್ಸೆಂದರೆ ಹೆಚ್ಚಾಗಿ ಅದು ಟ್ಯಾಂಕಿನ ಓ-ರಿಂಗ್. ಕೆಲವೇ ಸೆಂಟ್‌ಗಳ ರಬ್ಬರ್ ಬಳೆ ಅದು, ಅಲ್ಲೇ ಬದಲಿಸಿ ನೋಡಿ. ಬ್ಯಾರೆಲ್ ಬಾಯಿಂದ ಗಾಳಿ ಬರುತ್ತಿದ್ದರೆ ಒಳಗಿನ ಸೀಲ್ ಹೋಗಿದೆ. ರಿಪೇರಿ ಆಗುತ್ತದೆ, ಆದರೆ ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಎಲೆಕ್ಟ್ರಾನಿಕ್ ಮಾರ್ಕರ್‌ನ ಹಿಡಿಕೆಯೊಳಗಿನಿಂದ ಸದ್ದು ಬಂದರೆ ಹೊಸಬರು ಆ ಮಾರ್ಕರ್ ಬಿಡುವುದೇ ಸರಿ.

ಸೇಫ್ಟಿ ಹಾಕಿ, ಯಾರೂ ಇಲ್ಲದ ಕಡೆಗೆ ಗುರಿಯಿಟ್ಟು ಟ್ರಿಗರ್ ಒತ್ತಿ. ಹಾರಬಾರದು. ಆಮೇಲೆ ಕ್ರೋನೋಗ್ರಾಫ್ ಮುಂದೆ ಹತ್ತು ಹೊಸ ಚೆಂಡು ಹೊಡೆಯಿರಿ. ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿ ಮೇಲ್ಮಿತಿ, ಎಷ್ಟೋ ಫೀಲ್ಡುಗಳಲ್ಲಿ 280. ಒಂದು ಚೆಂಡು 270, ಮುಂದಿನದು 300, ಮತ್ತೆ 260 ಎಂದು ಏರಿಳಿದರೆ ಒಳಗೆ ಏನೋ ಸರಿಯಿಲ್ಲ. ವೇಗದ ಸ್ಕ್ರೂ ತಿರುಗಿಸಿದರೂ ವೇಗ ಬದಲಾಗದಿದ್ದರೆ ಕೊಳ್ಳಬೇಡಿ. ನಿಯಮಕ್ಕೆ ಇಳಿಸಲಾಗದ ಮಾರ್ಕರ್ ಎದುರಿನವರಿಗೆ ಅಪಾಯ.

ಬೆಲೆ ಮತ್ತು ದುಡ್ಡು

ಮಾರುವವರು ಮಾರ್ಕರ್, ಟ್ಯಾಂಕ್, ಹಾಪರ್ (ಚೆಂಡು ತುಂಬುವ ಡಬ್ಬಿ), ಮಾಸ್ಕ್, ಬ್ಯಾಗು ಎಲ್ಲ ಸೇರಿಸಿ ಒಂದೇ ಬೆಲೆ ಹೇಳುತ್ತಾರೆ. ಅದನ್ನು ಬಿಡಿಸಿ ನೋಡಿ. ಟ್ಯಾಂಕಿನ ಅವಧಿ ಮುಗಿದಿದ್ದರೆ ಅದನ್ನು ಲೆಕ್ಕದಿಂದ ತೆಗೆಯಿರಿ. ಮಾಸ್ಕನ್ನೂ ತೆಗೆಯಿರಿ. ಉಳಿದದ್ದಕ್ಕೆ ಎಷ್ಟು ಅನ್ನುವುದೇ ನಿಜವಾದ ಬೆಲೆ. ಅಂಚೆಯಲ್ಲಿ ತರಿಸುವುದಾದರೆ, ಚೀಟಿಯ ಮೇಲೆ ಅವತ್ತಿನ ತಾರೀಖು ಬರೆದು ಮಾರ್ಕರ್ ಪಕ್ಕ ಇಟ್ಟು ಫೋಟೋ ಕಳಿಸಲು ಹೇಳಿ. ಪೇಪಾಲ್‌ನಲ್ಲಿ ಸರಕಿಗೆ ಕೊಡುವ ಬಗೆಯಲ್ಲೇ ದುಡ್ಡು ಕಳಿಸಿ. ಗೆಳೆಯರಿಗೆ ಕೊಡುವ ಬಗೆಯಲ್ಲಿ ಕಳಿಸು ಎಂದು ಒತ್ತಾಯಿಸಿದರೆ ಆ ವ್ಯಾಪಾರ ಬೇಡ. ಹಣ ಹೋದರೆ ವಾಪಸು ಬರುವ ದಾರಿ ಅಲ್ಲಿರುವುದಿಲ್ಲ.

ಮಾಸ್ಕ್ ಮಾತ್ರ ಹೊಸದೇ ಇರಲಿ

ಇದರಲ್ಲಿ ರಾಜಿ ಇಲ್ಲ. ಬಿಸಿಲಿಗೆ, ಹೊಡೆತಕ್ಕೆ, ತಪ್ಪಾದ ಕ್ಲೀನರ್‌ಗೆ ಲೆನ್ಸ್ ಒಳಗೊಳಗೇ ಸೋಲುತ್ತದೆ, ಹೊರಗೆ ಕಾಣುವುದಿಲ್ಲ. ಪೇಂಟ್‌ಬಾಲ್‌ಗೆಂದೇ ಇರುವ ಎಎಸ್‌ಟಿಎಂ ಎಫ್1776 ಮಾನದಂಡದ ಗುರುತು ನೋಡಿ ಕೊಳ್ಳಿ. ಎರಡು ಪದರದ ಥರ್ಮಲ್ ಲೆನ್ಸ್ ಆದರೆ ಮಂಜು ಕಟ್ಟುವುದು ಕಡಿಮೆ. ಆಟದ ನಡುವೆ ಮಂಜು ಒರೆಸಲು ಮಾಸ್ಕ್ ಎತ್ತುವ ಆಸೆ ಬರುತ್ತದೆ, ಕಣ್ಣು ಹೋಗುವುದು ಅಂಥ ಗಳಿಗೆಯಲ್ಲೇ. ಮಾರ್ಕರ್‌ನಲ್ಲಿ ಉಳಿಸಿದ ದುಡ್ಡನ್ನು ಇಲ್ಲಿ ಹಾಕಿ. ಬ್ಯಾರೆಲ್ ಬಾಯಿಗೆ ಹಾಕುವ ಬಟ್ಟೆಯ ಚೀಲವನ್ನೂ ಹೊಸದೇ ತನ್ನಿ.

ಮನೆಗೆ ತಂದ ಮೇಲೆ

ಮಾರ್ಕರ್ ಬಿಚ್ಚುವ ಮುನ್ನ ಟ್ಯಾಂಕ್ ತೆಗೆದು, ಒಳಗೆ ಉಳಿದ ಗಾಳಿಯನ್ನೂ ಹೊಡೆದು ಖಾಲಿ ಮಾಡಿ. ಓ-ರಿಂಗ್‌ಗಳನ್ನೆಲ್ಲ ಒಮ್ಮೆ ಬದಲಿಸಿ. ಟಿಪ್‌ಮನ್ 98ಕ್ಕೆ ಮಾರ್ಕರ್ ಎಣ್ಣೆ ಕೆಲವು ಹನಿ ಸಾಕು. ಎಮೆಕ್‌ನಂಥವಕ್ಕೆ ಎಣ್ಣೆ ಬೇಡ, ಕಂಪನಿ ಹೇಳಿದ ಗ್ರೀಸನ್ನೇ ಹಚ್ಚಿ. ಓಡಾಡುವಾಗ ಬ್ಯಾಗಿನಲ್ಲಿಟ್ಟು ಕಾರಿನ ಡಿಕ್ಕಿಯಲ್ಲೇ ಇಡಿ. ದೂರದಿಂದ ನೋಡುವ ಪೊಲೀಸರಿಗೆ ಅದು ಬಂದೂಕಿನಂತೆಯೇ ಕಾಣುತ್ತದೆ. ವಿಮಾನದಲ್ಲಿ ಕ್ಯಾಬಿನ್‌ಗೆ ಬಿಡುವುದಿಲ್ಲ. ಟ್ಯಾಂಕ್ ಬೇರ್ಪಡಿಸಿ, ಚೆಕ್-ಇನ್ ಬ್ಯಾಗಿನಲ್ಲಿ ಮಾತ್ರ ಹಾಕಬಹುದು. ರಜೆಗೆ ಊರಿಗೆ ಬರುವಾಗ ಜೊತೆಗೆ ತರುವ ಯೋಚನೆ ಬಿಡಿ. ಬೆಂಗಳೂರಿನ ಫೀಲ್ಡುಗಳಲ್ಲಿ ಆಡಲು ಮಾರ್ಕರ್ ಅಲ್ಲೇ ಕೊಡುತ್ತಾರೆ.