ತಾಳಮದ್ದಳೆಯಿಂದ ಕೆರೆಗೆ ನಿಧಿ: ಊರಿನವರೇ ನಡೆಸುವುದು ಹೇಗೆ?

ಊರ ಕೆರೆಯ ಹೂಳೆತ್ತಲು ಹಣ ಬೇಕು, ಒಂದು ಕಾರ್ಯಕ್ರಮ ಮಾಡೋಣ ಎಂದಾಕ್ಷಣ ಸಮಿತಿಯವರು ಕಲಾವಿದರ ಮೊಬೈಲ್ ನಂಬರ್ ಹುಡುಕತೊಡಗುತ್ತಾರೆ. ಅದಕ್ಕೂ ಮೊದಲು ಕೈಯಲ್ಲಿರಬೇಕಾದುದು ಕೆಲಸದ ಅಂದಾಜುಪಟ್ಟಿ. ‘ಪರಿಸರ ಸಂರಕ್ಷಣೆಗಾಗಿ’ ಎಂದರೆ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ. ‘ಕುಸಿದ ಕೋಡಿ ಕಟ್ಟಲು, ಹಿಟಾಚಿಯ ನಲವತ್ತು ತಾಸಿನ ಬಾಡಿಗೆಗೆ’ ಎಂದು ಹೇಳಿ ನೋಡಿ. ಅದರಲ್ಲಿ ಎರಡು ತಾಸು ನನ್ನದಿರಲಿ ಎನ್ನುವವರು ಎದ್ದು ಬರುತ್ತಾರೆ.

ಕೆರೆ ಗ್ರಾಮ ಪಂಚಾಯಿತಿಯದೋ, ಸಣ್ಣ ನೀರಾವರಿ ಇಲಾಖೆಯದೋ ತಿಳಿದುಕೊಂಡು ಲಿಖಿತ ಒಪ್ಪಿಗೆ ಪಡೆಯಿರಿ. ಒಪ್ಪಿಗೆ ಇಲ್ಲದೆ ಕೂಡಿಸಿದ ಹಣ ಬ್ಯಾಂಕಿನಲ್ಲಿ ಕೊಳೆಯುತ್ತದೆ, ಸಮಿತಿಯ ಹೆಸರು ಊರಲ್ಲಿ ಕೆಡುತ್ತದೆ.

ದಿನ ಮತ್ತು ಕಲೆ

ಹೂಳೆತ್ತುವ ಕೆಲಸ ಮಳೆಗಾಲಕ್ಕೆ ಮುನ್ನ ಮುಗಿಯಬೇಕು. ಹಾಗಾಗಿ ಕಾರ್ಯಕ್ರಮಕ್ಕೆ ಫೆಬ್ರುವರಿ ಒಳ್ಳೆಯದು. ಮಲೆನಾಡಿನ ಅಡಿಕೆ ಸೀಮೆಯಲ್ಲಂತೂ ಕೊನೆಕೊಯ್ಲು ಮುಗಿದು ಕೈಯಲ್ಲಿ ಕಾಸಾಡುವ ಕಾಲ ಅದು.

ವೇಷ ಕಟ್ಟಿ ಕುಣಿಯುವ ಯಕ್ಷಗಾನ ಬಯಲಾಟ ನೋಡಲು ಚೆಂದ, ನಿಧಿ ಕೂಡಿಸಲು ವೇಷವಿಲ್ಲದೆ ಕೂತು ಹಾಡು-ಮಾತುಗಳಲ್ಲೇ ಕಥೆ ನಡೆಸುವ ತಾಳಮದ್ದಳೆಯೇ ಮೇಲು. ಬಯಲಾಟವೆಂದರೆ ರಂಗಸ್ಥಳ, ಬಣ್ಣ ಹಚ್ಚಲು ಚೌಕಿ, ವೇಷಭೂಷಣ, ಅದನ್ನೆಲ್ಲ ಹೊತ್ತು ತರುವ ಲಾರಿ. ಬಂದ ಹಣ ಅಲ್ಲಿಗೇ ಸರಿಹೋಗುತ್ತದೆ. ತಾಳಮದ್ದಳೆಗೆ ಹಾಡುವ ಭಾಗವತರು, ಮದ್ದಳೆ, ಚೆಂಡೆ, ಪಾತ್ರಗಳ ಮಾತಾಡುವ ಐದಾರು ಅರ್ಥಧಾರಿಗಳು, ಕುರ್ಚಿ, ಮೈಕು ಸಾಕು. ಶಾಲೆಯ ಜಗಲಿಯಲ್ಲೂ ನಡೆಯುತ್ತದೆ. ಆದರೆ ಊರ ಕೆಲಸ ಎಂಬ ನೆಪದಲ್ಲಿ ಕಲಾವಿದರನ್ನು ಪುಕ್ಕಟೆ ದುಡಿಸಬೇಡಿ. ಪೆಂಡಾಲಿನವರಿಗೆ ಪೂರ್ತಿ ಬಾಡಿಗೆ ಕೊಟ್ಟು, ಭಾಗವತರಿಗೆ ಬರೀ ಶಾಲು ಹೊದಿಸುವುದು ಯಾವ ನ್ಯಾಯ? ಸಂಭಾವನೆಯನ್ನು ಮೊದಲೇ ಮಾತಾಡಿ, ಖರ್ಚಿನ ಪಟ್ಟಿಗೆ ಸೇರಿಸಿ.

1983ರಲ್ಲಿ ಶಿರಸಿ ಬಳಿಯ ಸಾಲ್ಕಣಿಯಲ್ಲಿ ಶುರುವಾದ, ಮರಗಳನ್ನು ಅಪ್ಪಿಕೊಂಡು ಕಡಿತ ತಡೆಯುವ ಅಪ್ಪಿಕೋ ಚಳವಳಿ ಜನರನ್ನು ತಲುಪಲು ಯಕ್ಷಗಾನ, ಬೀದಿನಾಟಕಗಳನ್ನು ಬಳಸಿಕೊಂಡಿತ್ತು. ಇಂದಿನ ಸಮಿತಿಗಳಿಗೆ ನನ್ನ ಸಲಹೆ ಖಾಂಡವ ದಹನದ ಕಥೆ. ಅಗ್ನಿಯ ಹಸಿವಿಗೆ ಕಾಡನ್ನು ಕೊಟ್ಟು, ಕೃಷ್ಣಾರ್ಜುನರು ಸುತ್ತ ಕಾವಲು ನಿಲ್ಲುತ್ತಾರೆ. ಓಡಿ ಬಂದ ಪ್ರಾಣಿಗಳನ್ನೂ ಬಿಡುವುದಿಲ್ಲ. ಮಹಾಭಾರತದ ಪ್ರಕಾರ ಉಳಿದದ್ದು ನಾಗ ತಕ್ಷಕನ ಮಗ ಅಶ್ವಸೇನ, ಮಯ ಮತ್ತು ನಾಲ್ಕು ಶಾರ್ಙ್ಗಕ ಹಕ್ಕಿಗಳು. ತಕ್ಷಕನ ಪರ ನಿಲ್ಲುವ ಇಂದ್ರನ ಅರ್ಥ ಹೇಳುವವರು ವಾಗ್ಮಿಯಾಗಿದ್ದರೆ, ‘ವೀರನಿಗೆ ಶತ್ರು ಬೇಕು ಸರಿ, ಈ ಗೂಡಿನ ಮರಿಗಳು ನಿನಗೆ ಯಾವಾಗ ಶತ್ರುವಾದವು?’ ಎಂದು ಅರ್ಜುನನನ್ನು ಕೇಳಬಲ್ಲರು. ನಡುವೆ ಮೈಕು ಹಿಡಿದು ಪರಿಸರದ ಉಪನ್ಯಾಸ ಮಾಡುವ ಅತಿಥಿ ಬೇಕಿಲ್ಲ. ಅಂಥ ಭಾಷಣ ಶುರುವಾದರೆ ಜನ ಚಹಾಕ್ಕೆ ಏಳುತ್ತಾರೆ.

ಜಗಲಿಯ ಇನ್ನೊಂದು ಬದಿಯಲ್ಲಿ ಚಿತ್ರ ಮಾರಾಟ ಇಡಬಹುದು. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ನಡೆಸುತ್ತಿರುವ ಚಿತ್ರಸಂತೆಯಲ್ಲಿ ಕಲಾವಿದರು ನೇರವಾಗಿ ಕೊಳ್ಳುವವರ ಎದುರು ಕೂರುತ್ತಾರೆ. ನಿಮ್ಮಲ್ಲೂ ಮಲೆನಾಡಿನ ಗೋಡೆಚಿತ್ರವಾದ ಹಸೆ ಚಿತ್ತಾರ ಬರೆಯುವ ಹೆಣ್ಣುಮಕ್ಕಳು ಹಾಗೆಯೇ ಕೂರಲಿ. ಬೆಲೆಯಲ್ಲಿ ಅವರಿಗೆಷ್ಟು, ಕೆರೆಗೆಷ್ಟು ಎಂಬುದನ್ನು ಚಿತ್ರದ ಕೆಳಗೇ ಬರೆದಿಡಿ.

ಕಾಯಿದೆ

ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವುದನ್ನು 2000ದ ಶಬ್ದಮಾಲಿನ್ಯ ನಿಯಮಗಳು ನಿಷೇಧಿಸಿವೆ. ಸಂಜೆ ಐದಕ್ಕೇ ಶುರು ಮಾಡಿ. ಪೊಲೀಸ್ ಠಾಣೆಯಿಂದ ಮೈಕಿನ ಅನುಮತಿ ಇರಲಿ. ಪ್ರಚಾರಕ್ಕೆ ಫ್ಲೆಕ್ಸ್ ಬೇಡ, 2016ರಿಂದಲೇ ರಾಜ್ಯದಲ್ಲಿ ಅದು ನಿಷಿದ್ಧ. ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿ.

ತಾಳಮದ್ದಳೆಯ ಜೊತೆಗೆ ಗಾಯನವೂ ಇದೆ ಎಂದಾದರೆ ಹಕ್ಕುಸ್ವಾಮ್ಯ ನೋಡಿಕೊಳ್ಳಬೇಕು. ಪುರಂದರದಾಸರ ಪದಗಳ ಸಾಹಿತ್ಯಕ್ಕೆ ತೊಡಕಿಲ್ಲ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಲೇಖಕರ ನಿಧನದ ಬಳಿಕ ಅರವತ್ತು ವರ್ಷ ಹಕ್ಕು ಉಳಿಯುವುದರಿಂದ 2054 ಮುಗಿಯುವವರೆಗೆ ಅವರ ಕವನಗಳಿಗೆ ಒಪ್ಪಿಗೆ ಕೇಳುವುದು ಕ್ಷೇಮ.

ಹಣದ ದಾರಿ

ಕ್ಯೂಆರ್ ಕೋಡ್ ಅಧ್ಯಕ್ಷರ ಸ್ವಂತ ಖಾತೆಯದಾಗಿರಕೂಡದು. ನೋಂದಾಯಿತ ಸಂಘದ ಖಾತೆಯೇ ಬೇಕು, ಇಬ್ಬರ ಸಹಿಯಿಂದ ಮಾತ್ರ ಹಣ ತೆಗೆಯುವಂತಿರಬೇಕು. ನೂರು ರೂಪಾಯಿಗೂ ರಸೀದಿ ಕೊಡಿ. ಎಲ್ಲರೂ 80ಜಿ ಎಂದು ಕರೆಯುವ, ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ ಸಂಘಕ್ಕಿದ್ದರೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿ ಸಿಗುವುದಿಲ್ಲ. ಅಂಥವರಿಗೆ ಚೆಕ್ ಅಥವಾ ಯುಪಿಐ ಎಂದು ಹೇಳಿ.

ಅಮೆರಿಕದಲ್ಲಿರುವ ಊರ ಹುಡುಗರು ದೊಡ್ಡ ಮೊತ್ತ ಕಳುಹಿಸಲು ಉತ್ಸಾಹ ತೋರುತ್ತಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರ ಹಣ ಮಾತ್ರ ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಬೇಸರವಾದರೂ ಬೇಡ ಎನ್ನಲೇಬೇಕು.

ಕಾರ್ಯಕ್ರಮವಾದ ವಾರದೊಳಗೆ ಜಮಾ-ಖರ್ಚನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ಹಿಟಾಚಿ ಓಡಿದ ತಾಸುಗಳ ಪುಸ್ತಕಕ್ಕೆ ಪ್ರತಿದಿನ ಸಂಜೆ ಚಾಲಕರ ಜೊತೆ ಊರಿನ ಒಬ್ಬರು ಸಹಿ ಹಾಕಲಿ, ಹೂಳನ್ನು ಯಾರ ತೋಟಕ್ಕೆ ಎಷ್ಟು ಟ್ರ್ಯಾಕ್ಟರ್ ಒಯ್ದರು ಎಂಬುದೂ ಅದರಲ್ಲೇ ಇರಲಿ. ಹಣ ಮಿಕ್ಕರೆ ಏನು ಮಾಡುವುದು ಎಂಬುದನ್ನು ಮೊದಲ ಸಭೆಯ ನಡಾವಳಿಯಲ್ಲೇ ಬರೆದಿಡಿ. ತೂಬಿನ ದುರಸ್ತಿ, ಏರಿಯ ಮೇಲಿನ ಗಿಡಗಂಟಿ ತೆಗೆಸುವ ಕೂಲಿ ಪ್ರತಿವರ್ಷ ಬರುವ ಖರ್ಚುಗಳು. ಮಿಕ್ಕದ್ದನ್ನು ಅದಕ್ಕೆಂದೇ ಠೇವಣಿ ಇಡಬಹುದು.